ಎರಡು ಸ್ಕ್ರೂ ತೂತು: ಪರೇಲಿನ ಒಂದು ಮರದ ಕ್ಯಾಮೆರಾ ಮಾರಿದ ಪ್ರಕರಣ

ಇದರಲ್ಲಿ ಬರುವ ಯಾರ ಹೆಸರನ್ನೂ ಹೇಳುವುದಿಲ್ಲ. ಕ್ಯಾಮೆರಾದ ಮಾಲೀಕರನ್ನು ರಾಯರು ಅಂತ ಕರೆಯುತ್ತೇನೆ. ಅವರ ತಂದೆಯ ಸ್ಟುಡಿಯೋ, ಅವರಿದ್ದ ಚಾಳು (ಸಾಲು ಕೋಣೆಗಳ ಹಳೆ ವಠಾರ), ಕೊಂಡವರ ಗುರುತು ಎಲ್ಲವನ್ನೂ ಬಿಟ್ಟಿದ್ದೇನೆ ಅಥವಾ ಬದಲಿಸಿದ್ದೇನೆ. ರೂಪಾಯಿ ಲೆಕ್ಕವನ್ನು ಮಾತ್ರ ಮುಟ್ಟಿಲ್ಲ. ಎಲ್ಲರೂ ಮೊದಲು ಕೇಳುವುದು ಅದನ್ನೇ, ಅಲ್ವಾ? ನಾನು ಹವ್ಯಾಸಕ್ಕೆ ಹಳೆ ಕ್ಯಾಮೆರಾ ರಿಪೇರಿ ಮಾಡುವವನು. ಈ ವ್ಯವಹಾರದಲ್ಲಿ ಕಮಿಷನ್ ತೆಗೆದುಕೊಂಡಿಲ್ಲ, ಸಾಮಾನಿನ ಖರ್ಚು ಮಾತ್ರ ಪಡೆದೆ.

ಹಿನ್ನೆಲೆ

ರಾಯರ ತಂದೆ ಉಡುಪಿ ಕಡೆಯಿಂದ ಮುಂಬೈಗೆ ಬಂದವರು. ಊರಿನ ಎಲ್ಲರ ಹಾಗೆ ಹೋಟೆಲಿಗೆ ಸೇರಲಿಲ್ಲ. ಪರೇಲಿನಲ್ಲಿ ಒಂದು ಫೋಟೋ ಸ್ಟುಡಿಯೋ ಇಟ್ಟರು. ಬಟ್ಟೆ ಗಿರಣಿಯ ಕಾರ್ಮಿಕರೇ ಗಿರಾಕಿಗಳು. ಕೊಂಕಣದಲ್ಲಿರುವ ಹೆಂಡತಿಗೆ ಕಳಿಸಲು ಒಂದು ಫೋಟೋ, ಊರಿಂದ ಬಂದ ತಮ್ಮನ ಜೊತೆ ಒಂದು ಫೋಟೋ. ದೊಡ್ಡ ಗ್ರೂಪ್ ಫೋಟೋಗಳಿಗೆ ಈ ಮರದ ಕ್ಯಾಮೆರಾ ಬಹಳ ವರ್ಷ ದುಡಿಯಿತು. ಆಮೇಲೆ ರೋಲ್ ಫಿಲ್ಮ್ ಬಂದು ಅದನ್ನು ಮೂಲೆಗೆ ತಳ್ಳಿತು. 1982ರ ಗಿರಣಿ ಮುಷ್ಕರದ ನಂತರ ಗಿರಾಕಿಗಳೇ ಊರು ಬಿಟ್ಟರು. ಕೆಲವು ವರ್ಷಗಳಲ್ಲಿ ಸ್ಟುಡಿಯೋ ಮುಚ್ಚಿತು. ಕ್ಯಾಮೆರಾ ಚಾಳಿನ ಅಟ್ಟದ ಮೇಲೆ ಹೋಗಿ ಕೂತಿತು.

ಮೂವತ್ತಕ್ಕೂ ಹೆಚ್ಚು ವರ್ಷ ಅಲ್ಲೇ ಇತ್ತು. ಚಾಳು ರೀಡೆವಲಪ್‌ಮೆಂಟಿಗೆ, ಅಂದರೆ ಕೆಡವಿ ಹೊಸದಾಗಿ ಕಟ್ಟಲು, ಹೋಯಿತು. ರಾಯರು ಡೊಂಬಿವಲಿಯಲ್ಲಿರುವ ಮಗಳ ಮನೆಗೆ ಬಂದರು. ಅಲ್ಲಿ ಎರಡು ಕೋಣೆ, ನಾಲ್ಕು ಜನ. ಮೂರು ಕಾಲಿನ ಸ್ಟ್ಯಾಂಡ್ ಸಮೇತ ಒಂದು ಕ್ಯಾಮೆರಾಕ್ಕೆ ಜಾಗ ಎಲ್ಲಿಂದ ತರುವುದು?

ವಸ್ತು ಇಷ್ಟು: ಹಾಫ್ ಪ್ಲೇಟ್ ಫೀಲ್ಡ್ ಕ್ಯಾಮೆರಾ. ಅಂದರೆ 6½ ಇಂಚು ಉದ್ದ, 4¾ ಇಂಚು ಅಗಲದ ಗಾಜಿನ ಪ್ಲೇಟಿನ ಮೇಲೆ ಚಿತ್ರ ಮೂಡಿಸುವಂಥದ್ದು. ಮಡಚಿದರೆ ಪೆಟ್ಟಿಗೆ, ಬಿಚ್ಚಿದರೆ ಕ್ಯಾಮೆರಾ. ಮುಂದೆ ಹಿತ್ತಾಳೆ ಕೊಳವೆಯ ಲೆನ್ಸು. ಮಧ್ಯೆ ಕಮ್ಮಾರನ ತಿದಿಯ ಹಾಗೆ ಮಡಿಕೆ ಮಡಿಕೆಯಾದ ಬೆಲ್ಲೋಸ್. ಹಿಂದೆ ಗ್ರೌಂಡ್ ಗ್ಲಾಸ್, ಅಂದರೆ ಒಂದು ಮೈ ಒರಟು ಮಾಡಿದ ಮಸುಕು ಗಾಜು, ಅದರಲ್ಲಿ ಚಿತ್ರ ತಲೆಕೆಳಗಾಗಿ ಕಾಣುತ್ತದೆ. ಪ್ಲೇಟ್ ಹಾಕುವ ಹೋಲ್ಡರ್ ಮೂರು. ತಯಾರಕರ ಹೆಸರು ಇರಬೇಕಾದ ಜಾಗದಲ್ಲಿ ಎರಡು ಸ್ಕ್ರೂ ತೂತು, ಅಷ್ಟೇ.

ನನ್ನ ಹತ್ತಿರ ಬರುವ ಮೊದಲೇ ಆದದ್ದು

ಚೋರ್ ಬಜಾರಿನ ಮಟನ್ ಸ್ಟ್ರೀಟಿನ ಒಂದು ಅಂಗಡಿಯವರು ನೋಡಿದ ಕೂಡಲೇ 6,000 ಅಂದರು. ರಾಯರಿಗೆ ಸಿಟ್ಟು ಬಂತು. ಮೊಬೈಲಿನಲ್ಲಿ ಇಂಥದ್ದೇ ಕ್ಯಾಮೆರಾಕ್ಕೆ ಯಾರೋ ಮೂರು ಲಕ್ಷ ಕೇಳಿದ್ದನ್ನು ಅಳಿಯ ತೋರಿಸಿದ್ದ. ಕೇಳಿದ ಬೆಲೆ ಬೇರೆ, ಮಾರಿಹೋದ ಬೆಲೆ ಬೇರೆ ಎಂದು ಆಗ ಯಾರೂ ಹೇಳಲಿಲ್ಲ. ಹಳೆಯದಾಗಿ ಕಾಣುವುದರಿಂದ ಕಡಿಮೆ ಕೇಳುತ್ತಾರೆ, ಸ್ವಲ್ಪ ಚೆಂದ ಮಾಡಿಸೋಣ ಎಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿದರು. ಫರ್ನಿಚರ್ ಮಾಡುವ ಒಬ್ಬ ಮಿಸ್ತ್ರಿಗೆ ಕೊಟ್ಟರು.

ಮಿಸ್ತ್ರಿಯನ್ನು ನಾನು ಬೈಯುವುದಿಲ್ಲ. ಹೇಳಿದ ಕೆಲಸವನ್ನು ಅವನು ಚೆನ್ನಾಗಿಯೇ ಮಾಡಿದ್ದ. ಹೊರಗಿನ ಮರವನ್ನೆಲ್ಲ ಸ್ಯಾಂಡ್‌ಪೇಪರ್ ಹಾಕಿ ತಿಕ್ಕಿದ. ಹಳೆಯ ಅರಗಿನ ಪಾಲಿಶ್ ಹೋಯಿತು. ಮೇಲೆ ಫರ್ನಿಚರಿಗೆ ಹೊಡೆಯುವ ಮೆಲಮೈನ್ ಪಾಲಿಶ್ ಹೊಡೆದ. ಹಿತ್ತಾಳೆಯನ್ನು ಬಹುಪಾಲು ಬಿಚ್ಚಿ ಬಫಿಂಗಿಗೆ, ಅಂದರೆ ಯಂತ್ರದಲ್ಲಿ ಉಜ್ಜಿ ಹೊಳಪು ಬರಿಸಲು, ಕಳಿಸಿದ. ಹರಿದ ಬೆಲ್ಲೋಸ್ ಕಿತ್ತು ರೆಕ್ಸಿನ್ನಿನದು ಹೊಲಿಸಿದ. ಒಡೆದಿದ್ದ ಗ್ರೌಂಡ್ ಗ್ಲಾಸಿನ ಬದಲು ಬಾತ್‌ರೂಮ್ ಕಿಟಕಿಗೆ ಹಾಕುವ ಮಸುಕು ಗಾಜು ಕೂರಿಸಿದ. ಮಿಸ್ತ್ರಿಗೆ 7,500, ಬಫಿಂಗಿಗೆ 1,200. ಕ್ಯಾಮೆರಾ ಹೊಸ ಹೋಟೆಲಿನ ಗಲ್ಲಾ ಮೇಜಿನ ಹಾಗೆ ಹೊಳೆಯುತ್ತಿತ್ತು.

ಆದರೆ ಮಡಚಲು ಆಗುತ್ತಿರಲಿಲ್ಲ. ರೆಕ್ಸಿನ್ ದಪ್ಪ. ಬೆಲ್ಲೋಸ್ ಪೂರ್ತಿ ಮಡಿದಾಗ ಒಂದೂವರೆ ಇಂಚಿನೊಳಗೆ ಕೂರಬೇಕಿತ್ತು. ಇದು ಮೂರು ಇಂಚಿಗೇ ನಿಂತಿತು. ಮಡಚದ ಫೀಲ್ಡ್ ಕ್ಯಾಮೆರಾ ಅಂದರೆ ಮುಚ್ಚದ ಕೊಡೆ.

ಮೊದಲ ಜಾಹೀರಾತು

ಅಳಿಯ ಬರೆದದ್ದು ಹೀಗಿತ್ತು: 150 ವರ್ಷ ಹಳೆಯ ಬ್ರಿಟಿಷ್ ಕ್ಯಾಮೆರಾ, ಅತ್ಯಂತ ಅಪರೂಪ, ಹೊಸದರಂತಿದೆ, 2,50,000 ರೂಪಾಯಿ. ನನಗಿದು ಗೊತ್ತಾದದ್ದು ಎರಡು ವಾರ ಕಳೆದ ಮೇಲೆ. ಆ ಎರಡು ವಾರದಲ್ಲಿ ಬಂದ ಫೋನುಗಳು ಮೂರು ತರಹದವು.

ಒಳಾಂಗಣ ಅಲಂಕಾರದವರು: ಷೋಕೇಸಿಗೆ ಬೇಕು, ಹತ್ತು ಸಾವಿರ ಕೊಡುತ್ತೇವೆ. ನಿಜವಾಗಿ ಕ್ಯಾಮೆರಾ ಗೊತ್ತಿರುವವರು: ತಯಾರಕರು ಯಾರು, ಮರ ಯಾವುದು, ಒಳಗಿನ ಫೋಟೋ ಕಳಿಸಿ. ಉತ್ತರವಿಲ್ಲದ್ದರಿಂದ ಅವರು ಸುಮ್ಮನಾದರು. ಇನ್ನೊಬ್ಬ ತಾನು ಸರ್ಕಾರಿ ನೌಕರಿಯಲ್ಲಿರುವವನು ಅಂದ. ಚೌಕಾಸಿಯೇ ಮಾಡದೆ ಪೂರ್ತಿ ದುಡ್ಡಿಗೆ ಒಪ್ಪಿದ. ಅಡ್ವಾನ್ಸ್ ಕಳಿಸುತ್ತೇನೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂದ. ರಾಯರ ಮಗಳು ಬ್ಯಾಂಕಿನಲ್ಲಿ ಇದ್ದವಳು. "ಅಪ್ಪ, ದುಡ್ಡು ಬರುವುದಕ್ಕೆ ಪಿನ್ ಯಾಕೆ ಬೇಕು? ಪಿನ್ ಬೇಕಾಗುವುದು ಹೋಗುವುದಕ್ಕೆ" ಎಂದು ಫೋನ್ ಕಿತ್ತುಕೊಂಡಳು. ಚೌಕಾಸಿ ಮಾಡದೆ ಎರಡೂವರೆ ಲಕ್ಷಕ್ಕೆ ಒಪ್ಪುವ ಗಿರಾಕಿ ಮುಂಬೈಯಲ್ಲಿ ಇರುವುದಿಲ್ಲ. ಅಲ್ಲೇ ಗೊತ್ತಾಗಬೇಕಿತ್ತು.

ನಾಲ್ಕನೆಯದು ಒಂದು ಇಮೇಲ್, ಜರ್ಮನಿಯಿಂದ. ಮನುಷ್ಯ ಸಾಚಾ. ಲೆನ್ಸಿನ ಮೇಲಿನ ಅಕ್ಷರಗಳ ಫೋಟೋ ಕೇಳಿದ. ಹೇಳಿದ ಬೆಲೆಯ ಅರ್ಧದ ಹತ್ತಿರ ಕೊಡಲು ತಯಾರಿದ್ದ. ಮನೆಯಲ್ಲಿ ಹಬ್ಬದ ವಾತಾವರಣ. ಆ ಹೊತ್ತಿಗೆ, ಪ್ಯಾಕ್ ಮಾಡುವುದು ಹೇಗೆ ಎಂದು ಕೇಳಲು ನನಗೆ ಫೋನ್ ಬಂತು.

150 ವರ್ಷ ಎಂಬ ಮಾತು

ಪ್ಯಾಕಿಂಗ್ ಆಮೇಲೆ, ಮೊದಲು ಇದನ್ನು ಕೇಳಿ ಎಂದೆ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಕಲೆ, ಕುಶಲಕೆಲಸ, ವಿಜ್ಞಾನಕ್ಕೆ ಸಂಬಂಧಪಟ್ಟ ವಸ್ತು ಪುರಾತನ ವಸ್ತು ಆಗಬಹುದು. ಅಂಥದ್ದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ನೂರು ವರ್ಷ ಆಗಿಲ್ಲ ಅನ್ನುವುದಾದರೆ ಪುರಾತತ್ವ ಇಲಾಖೆಗೆ ತೋರಿಸಿ, ಇದು ಪುರಾತನ ವಸ್ತು ಅಲ್ಲ ಎಂಬ ಸರ್ಟಿಫಿಕೇಟ್ ಪಡೆಯಬಹುದು. ಇಲಾಖೆಯ ಮುಂಬೈ ಆಫೀಸು ಸಾಯನ್ ಕೋಟೆಯಲ್ಲೇ ಇದೆ.

ಈಗ ಸಿಕ್ಕಿ ಬಿದ್ದರು ನೋಡಿ. ಜಾಹೀರಾತಿನಲ್ಲಿ ತಾವೇ 150 ವರ್ಷ ಎಂದು ಬರೆದಿದ್ದಾರೆ. ಅದು ನಿಜವಾದರೆ ಜರ್ಮನಿಗೆ ಹೋಗುವಂತಿಲ್ಲ. ಸುಳ್ಳಾದರೆ ಜರ್ಮನಿಯವ ಅಷ್ಟು ಕೊಡುವುದಿಲ್ಲ. ಅಳಿಯ ಒಂದು ದಾರಿ ಹೇಳಿದ: ಪಾರ್ಸಲಿನ ಮೇಲೆ ಮರದ ಅಲಂಕಾರ ಸಾಮಾನು ಅಂತ ಬರೆದರಾಯಿತು. ರಾಯರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಮ್ಮ ಅಪ್ಪ ಇದರಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆದವರು ಮಾರಾಯ್ರೆ. ಕಸ್ಟಮ್ಸಿಗೆ ಸುಳ್ಳು ಬರೆದು ಕಳಿಸುವುದು ಬೇಡ" ಅಂದರು. ಇಡೀ ಪ್ರಕರಣದ ಮೊದಲ ಗಟ್ಟಿ ತೀರ್ಮಾನ ಇದು. ಬೆಲೆಯ ಮಾತು ಪಕ್ಕಕ್ಕಿಟ್ಟು, ಈ ವಸ್ತು ನಿಜವಾಗಿ ಏನು ಅಂತ ನೋಡೋಣ ಎಂದು ಒಪ್ಪಿದರು.

ಬಿಚ್ಚಿ ನೋಡಿದಾಗ

ಹೊರಗೆ ತಿಕ್ಕಿದ್ದರಿಂದ ಹೊರಗೆ ಏನೂ ಉಳಿದಿರಲಿಲ್ಲ. ಒಳಗೆ ಮಿಸ್ತ್ರಿ ಕೈ ಹಾಕಿರಲಿಲ್ಲ, ಪುಣ್ಯ. ರೆಕ್ಸಿನ್ ಬೆಲ್ಲೋಸ್ ತೆಗೆದೆ. ಚೌಕಟ್ಟಿನ ಒಳಬದಿ ಹಾಗೇ ಇತ್ತು. ಮರ ಮಹೋಗನಿ ಅಲ್ಲ, ತೇಗ. ಇಂಗ್ಲಿಷ್ ಫೀಲ್ಡ್ ಕ್ಯಾಮೆರಾಗಳು ಹೆಚ್ಚಾಗಿ ಮಹೋಗನಿಯವು. ಆದರೆ ಬರೀ ಇಷ್ಟರಿಂದ ಏನೂ ಹೇಳುವಂತಿಲ್ಲ. ನಮ್ಮ ಹವೆಯಲ್ಲಿ ಅಂಟು ಬಿಡುತ್ತದೆ ಅಂತ ಅಲ್ಲಿನವರೇ ತೇಗದಲ್ಲಿ, ಮೂಲೆಗಳಿಗೆ ಹಿತ್ತಾಳೆ ಪಟ್ಟಿ ಹೊಡೆದು, ಉಷ್ಣದೇಶದ ಮಾದರಿ ಅಂತ ಮಾಡಿ ಕಳಿಸುತ್ತಿದ್ದರು.

ಲೆನ್ಸು ಕೂರುವ ಹಲಗೆ ಹೆಚ್ಚು ಮಾತಾಡಿತು. ಅದರಲ್ಲಿ ಹಳೆಯ ತೂತುಗಳನ್ನು ಕಡ್ಡಿ ತುರುಕಿ ಮುಚ್ಚಿ, ಹೊಸ ತೂತು ಹೊಡೆದಿದ್ದರು. ಅಂದರೆ ಲೆನ್ಸು, ಕ್ಯಾಮೆರಾ ಒಟ್ಟಿಗೆ ಹುಟ್ಟಿದವಲ್ಲ. ಲೆನ್ಸಿನ ಮೇಲೆ ಲಂಡನ್ ಎಂದು ಕೊರೆದಿತ್ತು. ಬೆಳಕಿನ ದ್ವಾರದ ಅಳತೆ 4, 8, 16, 32, 64 ಎಂದಿತ್ತು. ಇದು ಈಗಿನ ಎಫ್ ಅಂಕಿ ಅಲ್ಲ, ಯೂನಿಫಾರ್ಮ್ ಸಿಸ್ಟಮ್ ಎಂಬ ಹಳೆ ಪದ್ಧತಿ. ಇದರ 4 ಅಂದರೆ ಈಗಿನ ಎಫ್ 8. ಇದರ 8 ಅಂದರೆ ಎಫ್ 11. 16 ಮಾತ್ರ ಎರಡರಲ್ಲೂ ಒಂದೇ. ಇಂಗ್ಲೆಂಡಿನಲ್ಲಿ ಈ ಪದ್ಧತಿ 1880ರ ದಶಕದ್ದು. ಹಾಗಾಗಿ ಲೆನ್ಸು ನೂರು ದಾಟಿರಬಹುದು ಎಂದುಕೊಂಡೆ. ಕ್ಯಾಮೆರಾದ ಮರದ ದೇಹದ ವಿಷಯ ಮಾತ್ರ ಗೊತ್ತಾಗಲಿಲ್ಲ.

ಉತ್ತರ ಸಿಕ್ಕಿದ್ದು ಚಾಳಿನಿಂದ ತಂದ ಒಂದು ಟ್ರಂಕಿನಲ್ಲಿ. ರಾಯರ ತಂದೆಯ ಲೆಕ್ಕದ ಪುಸ್ತಕಗಳು ಅದರಲ್ಲಿದ್ದವು. ಕನ್ನಡದಲ್ಲಿ, ಶಾಯಿ ಪೆನ್ನಿನಲ್ಲಿ. ಮಗಳು ಎರಡು ರಾತ್ರಿ ಕೂತು ಹುಡುಕಿದಳು. 1949ರ ಒಂದು ಪುಟ: "ಹಾಪ್ ಪ್ಲೇಟು ಕೆಮರಾ ಹೊಸತು 1, ಲೆನ್ಸು ನಮ್ಮದೇ ಹಳೇದು ಕೂರಿಸಿದ್ದು." ಮೊತ್ತದ ಮೇಲೆ ನೀರು ಬಿದ್ದು ಶಾಯಿ ಹರಡಿತ್ತು.

ರಾಯರು ಹುಟ್ಟಿದ್ದು 1947ರಲ್ಲಿ. "ಹಾಗಾದರೆ ಇದು ನನಗಿಂತ ಎರಡು ವರ್ಷ ಸಣ್ಣದಾ ಮಾರಾಯ್ರೆ!" ಅಂದರು. ನಗುತ್ತಲೇ ಅಂದರು. ಆದರೆ ಮುಖ ಸಪ್ಪಗಿತ್ತು.

ಅವರಿಗೆ ನಾನು ಹೇಳಿದ್ದು ಇಲ್ಲಿಯೂ ಹೇಳುತ್ತೇನೆ. ಆ ಕಾಲದಲ್ಲಿ ನಮ್ಮ ದೇಶದಲ್ಲೇ ಒಳ್ಳೆಯ ಮರದ ಕ್ಯಾಮೆರಾ ಮಾಡುವವರಿದ್ದರು. ಕೇರಳದ ಆಲಪ್ಪುಳದಲ್ಲಿ ಕರುಣಾಕರನ್ ಎಂಬವರು 1940ರ ದಶಕದಿಂದ ವಾಗೀಶ್ವರಿ ಎಂಬ ಫೀಲ್ಡ್ ಕ್ಯಾಮೆರಾ ಮಾಡುತ್ತಿದ್ದರು. ತೇಗದ್ದೇ. ದೇಶದ ಎಷ್ಟೋ ಸ್ಟುಡಿಯೋಗಳಲ್ಲಿ ಅದು ಇತ್ತು. ಹಾಗಾದರೆ ನಮ್ಮದೂ ವಾಗೀಶ್ವರಿ ಅಂತ ಬರೆಯೋಣ, ಬೇಗ ಹೋಗುತ್ತದೆ ಎಂದು ಅಳಿಯ ಮತ್ತೆ ಎದ್ದ. ತಯಾರಕರ ಹೆಸರಿನ ಫಲಕ ಇಲ್ಲದ ಮೇಲೆ ಬರೆಯುವುದು ಹೇಗೆ? ಬರೆಯಲಿಲ್ಲ. ಜರ್ಮನಿಯವನಿಗೆ ಇದ್ದದ್ದು ಇದ್ದ ಹಾಗೆ ತಿಳಿಸಿದೆವು. ಲೆನ್ಸು ನೂರು ದಾಟಿರಬಹುದಾದ್ದರಿಂದ ಕಳಿಸುವುದಿಲ್ಲ ಎಂದೆವು. ಅವನು ಥ್ಯಾಂಕ್ಸ್ ಹೇಳಿ ಹೋದ.

ಮಾಡಿದ್ದು, ಮಾಡದೆ ಬಿಟ್ಟದ್ದು

ಮೆಲಮೈನ್ ತೆಗೆಸಿ ಮತ್ತೆ ಅರಗಿನ ಪಾಲಿಶ್ ಹಾಕಿಸೋಣ ಎಂದು ರಾಯರು ಹಟ ಹಿಡಿದರು. ನಾನು ಬೇಡ ಅಂದೆ. ಇನ್ನೊಂದು ಸಲ ತಿಕ್ಕಿದರೆ ಮರ ಇನ್ನೂ ಸವೆಯುತ್ತದೆ. ಜಾರುವ ಪಟ್ಟಿಗಳು ಈಗಾಗಲೇ ಸಡಿಲಾಗಿದ್ದವು. ನಯವಾದ ಸ್ಟೀಲ್ ವುಲ್ಲಿನಿಂದ ಹೊಳಪನ್ನು ಸ್ವಲ್ಪ ಕುಂದಿಸಿ ಮೇಣ ಸವರಿದೆ, ಅಷ್ಟೇ. ಹಿತ್ತಾಳೆ ತಾನಾಗಿಯೇ ದಾರಿಗೆ ಬಂತು. ಬಫಿಂಗಿನಲ್ಲಿ ಅದರ ಮೇಲಿದ್ದ ಹಳೆಯ ಲ್ಯಾಕರ್ (ರಕ್ಷಣೆಯ ವಾರ್ನಿಶ್) ಪದರ ಹೋಗಿತ್ತು. ಮುಂಬೈಯ ಉಪ್ಪುಗಾಳಿಗೆ ಎರಡೇ ತಿಂಗಳಲ್ಲಿ ಮಂಕಾಯಿತು.

ಬೆಲ್ಲೋಸ್ ಹೊಸದಾಗಿ ಮಾಡಿದೆ. ಹೊರಗೆ ತೆಳು ಕಪ್ಪು ಬಟ್ಟೆ, ಒಳಗೆ ಬೆಳಕು ತಡೆಯುವ ಬಟ್ಟೆ, ಮಧ್ಯೆ ಕಾರ್ಡ್‌ಬೋರ್ಡಿನ ಪಟ್ಟಿಗಳು. ಮೂರು ಸಲ ಹಾಳಾಗಿ ನಾಲ್ಕನೆಯದು ಮಡಿಯಿತು. ಕತ್ತಲೆ ಬಾತ್‌ರೂಮಿನಲ್ಲಿ ಒಳಗೆ ಮೊಬೈಲ್ ಟಾರ್ಚ್ ಇಟ್ಟು ನೋಡಿದೆ. ಒಂದು ಮೂಲೆಯಲ್ಲಿ ಸೂಜಿಮೊನೆಯಷ್ಟು ಬೆಳಕು. ಕಪ್ಪು ಬಣ್ಣ ಹಚ್ಚಿದೆ.

ಆಮೇಲೆ ನಿಜವಾದ ಪರೀಕ್ಷೆ. ಚಿತ್ರ ತೆಗೆಯದೆ ಕ್ಯಾಮೆರಾ ಮಾರಬಾರದು ಎಂಬುದು ನನ್ನ ಹಟ. ಹಾಫ್ ಪ್ಲೇಟಿನ ಫಿಲ್ಮ್ ಇಲ್ಲಿ ಅಂಗಡಿಯಲ್ಲಿ ಸಿಗುವುದಿಲ್ಲ. 8×10 ಇಂಚಿನ ಕಪ್ಪುಬಿಳುಪು ಫೋಟೋ ಪೇಪರನ್ನು ಕತ್ತರಿಸಿದರೆ ಎರಡು ಹಾಫ್ ಪ್ಲೇಟ್ ಬರುತ್ತವೆ. ಕೆಂಪು ದೀಪದಲ್ಲಿ ಕತ್ತರಿಸಿ, ಗಾಜಿನ ಪ್ಲೇಟಿನಷ್ಟೇ ದಪ್ಪ ಬರಲು ಹಿಂದೆ ಗಾಜಿನ ತುಂಡು ಕೊಟ್ಟು ಹೋಲ್ಡರಿನಲ್ಲಿ ಹಾಕಿದೆ. ಪೇಪರ್ ಬಹಳ ನಿಧಾನ, ಬೆಳಕಿಗೆ ಸ್ಪಂದಿಸುವ ಅಳತೆಯಲ್ಲಿ ಸುಮಾರು ಐಎಸ್‌ಒ 6. ನೆರಳಿನಲ್ಲಿ 16ರ ದ್ವಾರಕ್ಕೆ ಎರಡು ಸೆಕೆಂಡು. ರಾಯರು ಸ್ಟೂಲಿನ ಮೇಲೆ ಕೂತರು. ಲೆನ್ಸಿನ ಮುಚ್ಚಳ ತೆಗೆದು, ಎಣಿಸಿ, ಮುಚ್ಚಿದೆ.

ಚಿತ್ರ ಬಂತು. ರಾಯರ ಮುಖ ಮಂಜು ಮಂಜು, ಹಿಂದಿನ ಕಿಟಕಿಯ ಸರಳು ಮಾತ್ರ ಚೂಪು. ಮತ್ತೆ ತೆಗೆದೆ. ಮತ್ತೆ ಹಾಗೇ. ಲೆನ್ಸಿಗೆ ಫಂಗಸ್ ಹಿಡಿದಿರಬೇಕು ಎಂದು ಒಂದು ದಿನ ತಲೆ ಕೆಡಿಸಿಕೊಂಡೆ. ತಪ್ಪಿದ್ದದ್ದು ಆ ಬಾತ್‌ರೂಮ್ ಗಾಜಿನಲ್ಲಿ. ಗ್ರೌಂಡ್ ಗ್ಲಾಸಿನ ಒರಟು ಮೈ ಲೆನ್ಸಿನ ಕಡೆ ಇರಬೇಕು. ಚಿತ್ರ ನಿಲ್ಲುವುದು ಆ ಮೈ ಮೇಲೆ, ಪ್ಲೇಟ್ ಬಂದು ಕೂರುವುದೂ ಅದೇ ಜಾಗದಲ್ಲಿ. ಮಿಸ್ತ್ರಿ ಒರಟು ಮೈಯನ್ನು ಹೊರಕ್ಕೆ ತಿರುಗಿಸಿದ್ದ. ಗಾಜು 4 ಮಿಲಿಮೀಟರ್ ದಪ್ಪ. ಅದರಿಂದಲೇ ಫೋಕಸ್ ತಪ್ಪುತ್ತಿತ್ತು. ತೆಳು ಗಾಜಿನ ತುಂಡು ತಂದು ಕಾರ್ಬೊರಂಡಮ್ ಪುಡಿಯಲ್ಲಿ ಉಜ್ಜಿ ಸರಿಯಾದ ಗ್ರೌಂಡ್ ಗ್ಲಾಸ್ ಮಾಡಿ ಕೂರಿಸಿದೆ. ಮೂರನೇ ಚಿತ್ರದಲ್ಲಿ ರಾಯರ ಹುಬ್ಬಿನ ಕೂದಲು ಎಣಿಸಬಹುದಿತ್ತು. ಸಾಮಾನಿನ ಖರ್ಚು ಒಟ್ಟು 2,600.

ಈ ಕೆಲಸದ ಮಧ್ಯೆ ಇನ್ನೊಂದು ಸಿಕ್ಕಿತು. ಫೋಕಸ್ ಪಟ್ಟಿಯ ಮೇಲಿನ ಹಿತ್ತಾಳೆ ತುಂಡು ಬಿಚ್ಚಿದಾಗ ಕೆಳಗೆ ಪೆನ್ಸಿಲ್ ಗೆರೆ, ಪಕ್ಕದಲ್ಲಿ ಕನ್ನಡದಲ್ಲಿ "ಗುಂಪು". ಗ್ರೂಪ್ ಫೋಟೋಗೆ ಎಲ್ಲಿ ನಿಲ್ಲಿಸಬೇಕು ಎಂದು ತಂದೆಯವರು ಮಾಡಿಕೊಂಡ ಗುರುತು. "ಒಬ್ಬರು", "ಇಬ್ಬರು" ಅಂತ ಬೇರೆ ಗೆರೆಗಳೂ ಇದ್ದವು ಎಂದು ರಾಯರಿಗೆ ನೆನಪಿತ್ತು. ಅವು ಸ್ಯಾಂಡ್‌ಪೇಪರಿಗೆ ಹೋದವು.

ಎರಡನೇ ಜಾಹೀರಾತು ಮತ್ತು ಮಾರಾಟ

ಈ ಸಲ ಬರೆದದ್ದು ಮಗಳು. ಸುಮಾರು 1949ರ ಭಾರತದಲ್ಲಿ ಕೊಂಡ ತೇಗದ ಹಾಫ್ ಪ್ಲೇಟ್ ಕ್ಯಾಮೆರಾ, ತಯಾರಕರು ಗೊತ್ತಿಲ್ಲ. ಲೆನ್ಸು ಅದಕ್ಕಿಂತ ಹಳೆಯದು, ಲಂಡನ್ನಿನದು. ಹೊರ ಪಾಲಿಶ್ ಹೊಸದು, ಮೆಲಮೈನ್. ಬೆಲ್ಲೋಸ್ ಹೊಸದು. ಗ್ರೌಂಡ್ ಗ್ಲಾಸ್ ಹೊಸದು. ಹಿತ್ತಾಳೆ ಬಫ್ ಆಗಿದೆ. ಮೂರು ಹೋಲ್ಡರಿನಲ್ಲಿ ಒಂದು ಮಾತ್ರ ಬೆಳಕು ಬಿಡುವುದಿಲ್ಲ. ದೇಶದೊಳಗೆ ಮಾತ್ರ. 48,000. ಜೊತೆಗೆ ಒಳಗಿನ ಫೋಟೋಗಳು, ಲೆಕ್ಕದ ಪುಟ, ಪೆನ್ಸಿಲ್ ಗುರುತು, ರಾಯರ ಭಾವಚಿತ್ರ. ಇಷ್ಟು ದೋಷ ಬರೆದರೆ ಯಾರು ಬರುತ್ತಾರೆ ಎಂದ ಅಳಿಯ. ಪಾಪ, ಅವನದ್ದು ತಪ್ಪಲ್ಲ. ಮುಂಬೈಯಲ್ಲಿ ಫ್ಲ್ಯಾಟ್ ಮಾರಿದವರು ಹೀಗೆ ಬರೆದದ್ದನ್ನು ನಾನೂ ನೋಡಿಲ್ಲ.

ಫೋನುಗಳು ಕಡಿಮೆ ಬಂದವು. ಬಂದವರೆಲ್ಲ ವಿಷಯ ಗೊತ್ತಿದ್ದವರು. ಒಬ್ಬರು ಲೆನ್ಸ್ ಒಂದಕ್ಕೇ 28,000 ಕೊಡುತ್ತೇನೆ ಅಂದರು. ಲೆನ್ಸ್ ಕೊಟ್ಟು, ದೇಹವನ್ನು ಷೋಕೇಸಿನವರಿಗೆ ಮಾರಿದರೆ ಹೆಚ್ಚುಕಮ್ಮಿ ನಲವತ್ತು ಸಾವಿರ, ತಲೆನೋವೂ ಇಲ್ಲ. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ. ಆ ಲೆನ್ಸಿಗೆ ಈ ದೇಹವೇನೂ ಮೊದಲನೆಯದಲ್ಲವಲ್ಲ. ರಾಯರು ಒಪ್ಪಲಿಲ್ಲ. ಅಪ್ಪ ಕೂರಿಸಿದ್ದನ್ನು ನಾನು ಬಿಡಿಸುವುದಿಲ್ಲ ಅಂದರು. ಅಲ್ಲಿಗೆ ಮುಗಿಯಿತು.

ಮೂರನೇ ವಾರ ಪುಣೆಯಿಂದ ಒಬ್ಬರು ಬಂದರು. ಫೋಟೋಗ್ರಫಿ ಕಲಿಸುವವರು. ಕಲ್ಯಾಣ್ ಸ್ಟೇಷನ್ನಿನಲ್ಲಿ ಇಳಿದು ಲೋಕಲ್ ರೈಲು ಹಿಡಿದು ಡೊಂಬಿವಲಿಗೆ. ಕ್ಯಾಮೆರಾದ ಹೊರಮೈಯನ್ನು ನೋಡಲೇ ಇಲ್ಲ. ಕಪ್ಪು ಬಟ್ಟೆ ಹೊದ್ದು ಹತ್ತು ನಿಮಿಷ ಒಳಗೇ ಇದ್ದರು. ಹೊರಗೆ ಬಂದು, "ಕಾಕಾ, ಈ ಪೆನ್ಸಿಲಿನಲ್ಲಿ ಏನು ಬರೆದಿದೆ?" ಎಂದು ಮರಾಠಿಯಲ್ಲಿ ಕೇಳಿದರು. ರಾಯರು ಹೇಳಿದರು. ಅಲ್ಲಿಂದ ಒಂದೂವರೆ ಗಂಟೆ ಗಿರಣಿ, ಸ್ಟುಡಿಯೋ, ಗ್ರೂಪ್ ಫೋಟೋಗಳ ಮಾತು. ಚಹಾ ಎರಡು ಸಲ ಆಯಿತು. ಬೆಲೆ ಮಾತಾಡಿದ್ದು ಐದು ನಿಮಿಷ. 41,000ಕ್ಕೆ ನಿಂತಿತು.

ಚೀಟಿ ಬರೆದೆವು. ಏನೇನು ಬದಲಾಗಿದೆ ಎಂಬುದನ್ನು ಅದರಲ್ಲೂ ಬರೆದು ಇಬ್ಬರೂ ಸಹಿ ಹಾಕಿದರು. ಲೆಕ್ಕದ ಪುಟದ ಫೋಟೋ ಕೊಟ್ಟೆವು, ಪುಸ್ತಕ ಕೊಡಲಿಲ್ಲ. ದುಡ್ಡು ಯುಪಿಐನಲ್ಲಿ ಬಂತು, ಪಿನ್ ಅವರೇ ಹಾಕಿದರು. ಲೆನ್ಸನ್ನು ಬಿಚ್ಚಿ ರಾಯರ ಒಂದು ಹಳೆ ಪಂಚೆಯಲ್ಲಿ ಸುತ್ತಿ ಬೇರೆ ಚೀಲಕ್ಕೆ ಹಾಕಿದೆವು. ಕೊರಿಯರ್ ಬೇಡ, ತೊಡೆ ಮೇಲೆ ಇಟ್ಟುಕೊಂಡೇ ಹೋಗುತ್ತೇನೆ ಅಂದರು.

41,000ದಲ್ಲಿ ಮಿಸ್ತ್ರಿ, ಬಫಿಂಗ್, ನನ್ನ ಸಾಮಾನು ಸೇರಿ 11,300 ಕಳೆಯಿರಿ. 29,700 ಉಳಿಯಿತು. ಮೊದಲಿನ 8,700 ಖರ್ಚೇ ಮಾಡದೆ, ಧೂಳು ಒರೆಸಿ ಹರಿದ ಬೆಲ್ಲೋಸಿನ ಜೊತೆಗೇ ಮಾರಿದ್ದರೆ ಇಷ್ಟೋ ಇದಕ್ಕಿಂತ ಜಾಸ್ತಿಯೋ ಬರುತ್ತಿತ್ತು ಎಂದು ನನ್ನ ಅಂದಾಜು. ಪುಣೆಯವರೂ ಅದನ್ನೇ ಹೇಳಿದರು. ಮೂರೂ ಪೆನ್ಸಿಲ್ ಗೆರೆ ಇದ್ದಿದ್ದರೆ ತಾನು ಚೌಕಾಸಿಯನ್ನೇ ಮಾಡುತ್ತಿರಲಿಲ್ಲ ಎಂದರು. ಮಳೆಗಾಲದಲ್ಲಿ ಹಿಂದಿನ ಚೌಕಟ್ಟಿನ ಒಂದು ಮೂಲೆ ಅಂಟು ಬಿಟ್ಟಿತಂತೆ. ಫೋನ್ ಮಾಡಿ ಯಾವ ಅಂಟು ಹಾಕಲಿ ಎಂದು ಕೇಳಿದರು, ದೂರಲಿಲ್ಲ.

ದೀಪಾವಳಿ ಹತ್ತಿರ ಮಿಸ್ತ್ರಿ ರಾಯರ ಮನೆಗೆ ಬಂದ. ಬಫಿಂಗ್ ಅಂಗಡಿಯವರು ಒಂದು ತುಂಡು ವಾಪಸ್ ಕೊಡಲು ಮರೆತಿದ್ದರಂತೆ. ಎರಡು ತೂತಿನ ಸಣ್ಣ ಹಿತ್ತಾಳೆ ಪಟ್ಟಿ. ರಾಯರು ಅದನ್ನು ಟ್ಯೂಬ್‌ಲೈಟಿಗೆ ಓರೆ ಹಿಡಿದು ನೋಡಿದರು. ಮಗಳು ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿದಳು. ನಾನು ಭೂತಗನ್ನಡಿ ತಂದೆ. ಉಜ್ಜಿ ಉಜ್ಜಿ ಕನ್ನಡಿಯಾಗಿತ್ತು. ಒಂದು ಕೊನೆಯಲ್ಲಿ ಯಾವುದೋ ಅಕ್ಷರದ ಅರ್ಧ ಸುತ್ತು, ಅಷ್ಟೇ. ತಯಾರಕರ ಹೆಸರೋ, ತಂದೆಯ ಸ್ಟುಡಿಯೋದ ಹೆಸರೋ, ಹೇಳಲು ಆಗಲಿಲ್ಲ.

ಪುಣೆಯವರಿಗೆ ಹೇಳಿದಾಗ ತೂತು ಖಾಲಿ ಇದೆ, ಕಳಿಸಿ ಅಂದರು. ಎರಡು ಸ್ಕ್ರೂ ಜೊತೆ ಲಕೋಟೆಯಲ್ಲಿ ಹಾಕಿ ಕಳಿಸಿದೆವು. ಕೊರಿಯರಿಗೆ 90 ರೂಪಾಯಿ. ಅದನ್ನು ರಾಯರೇ ಕೊಟ್ಟರು.